ಅರ್ಧಕ್ಕೆ ನಿಂತ ಏಳು ಜನ

ನಾಲ್ಕನೆಯ ನೋಟ್‌ಬುಕ್ಕಿನ ಲೇಬಲ್ಲಿನ ಮೇಲೂ ತನ್ನ ಹೆಸರನ್ನೇ ಬರೆದುಬಿಟ್ಟಿದ್ದೇನೆ ಎಂದು ಅವಳಿಗೆ ತಿಳಿದದ್ದು, ಎದುರಿಗೆ ಮಂಡಿಯೂರಿ ಅಂಟಿನ ಡಬ್ಬಿ ಹಿಡಿದು ಕೂತಿದ್ದ ಅಕ್ಕನ ಮಗಳು, "ಚಿಕ್ಕಿ, ನೀನೂ ಮೂರನೇ ಕ್ಲಾಸಿಗೆ ಸೇರ್ತಿದೀಯಾ?" ಎಂದು ಕೇಳಿದಾಗ. ಹುಡುಗಿಗೆ ಎಂಟು ವರ್ಷ. ಮನೆಯಲ್ಲಿ ಅವಳನ್ನು ಎಲ್ಲರೂ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಹಾಲು ಕುಡಿಯುವಾಗಲೂ ಲೋಟದ ಅಂಚಿನ ಮೇಲಿಂದ ಜಗತ್ತನ್ನು ತಿದ್ದುವ ಕಣ್ಣು ಅವಳದು. ಚಿಕ್ಕಿ ಏನೂ ಆಗಿಲ್ಲವೆಂಬಂತೆ ಲೇಬಲ್ಲನ್ನು ಉಗುರಿನಿಂದ ಕೆರೆಯತೊಡಗಿದಳು. ಲೇಬಲ್ಲಿನ ಜೊತೆ ಹೊದಿಸಿದ್ದ ಕಂದು ಕಾಗದವೂ ಕಿತ್ತು ಬಂತು. ಒಳಗಿನಿಂದ ನೋಟ್‌ಬುಕ್ಕಿನ ನೀಲಿ ರಟ್ಟು ಒಂದು ಚೌಕದಷ್ಟು ಇಣುಕಿ, ದೂರದ ಯಾವುದೋ ಮನೆಯ ಸಂಜೆಯ ಕಿಟಕಿಯ ಹಾಗೆ ಕಂಡಿತು. ಆ ಕಿಟಕಿಯ ಆಚೆ ಒಬ್ಬಳು ತಲೆ ಬಾಚಿಕೊಳ್ಳುತ್ತಿರಬಹುದು, ಅವಳ ಕೂದಲು ಮೆಟ್ಟಿಲಿಳಿದು, ಅಂಗಳ ದಾಟಿ, ಹೊಳೆಯವರೆಗೆ...

"ಚಿಕ್ಕೀ."

"ಹ್ಞಾಂ."

"ಹರಿದು ಹೋಯ್ತು."

"ನೋಡಿದೆ ಕಣೇ."

"ನೋಡ್ಲಿಲ್ಲ. ಸುಮ್ನೆ ಕಣ್ಣು ಬಿಟ್ಕೊಂಡಿದ್ದೆ."

ಇಪ್ಪತ್ತಾರು ವರ್ಷಗಳಿಂದ ಚಿಕ್ಕಿ ಹೆಚ್ಚುಕಡಿಮೆ ಇದೇ ಕೆಲಸ ಮಾಡಿಕೊಂಡು ಬಂದಿದ್ದಳು. ಟೈಪಿಂಗ್ ತರಗತಿಯಲ್ಲಿ ಕಣ್ಣು ಬಿಟ್ಟುಕೊಂಡಿದ್ದಳು, ಎರಡು ವರ್ಷ ಕಾಲೇಜಿನಲ್ಲಿ ಕಣ್ಣು ಬಿಟ್ಟುಕೊಂಡಿದ್ದಳು, ಹೂವಿನಂಗಡಿಯಲ್ಲಿ ಕೆಲಸಕ್ಕಿದ್ದಾಗ ಗಿರಾಕಿಗಳ ತಲೆಯ ಮೇಲಿಂದ ಕಣ್ಣು ಬಿಟ್ಟುಕೊಂಡಿದ್ದಳು. ಕೊನೆಗೆ ಅಕ್ಕ ಬಂದು, "ನಡಿ, ನನ್ನ ಮಕ್ಕಳನ್ನ ನೋಡ್ಕೋ, ಅವಾದ್ರೂ ಮಧ್ಯೆ ಮಧ್ಯೆ ಕಿರುಚಿ ನಿನ್ನನ್ನ ಎಬ್ಬಿಸ್ತಾವೆ" ಎಂದು ಕರೆದುಕೊಂಡು ಬಂದಿದ್ದಳು. ಅಕ್ಕ ದೊಡ್ಡಾಸ್ಪತ್ರೆಯಲ್ಲಿ ಒಂದು ವಾರ್ಡಿನ ಹಿರಿಯ ನರ್ಸು. ಭಾವ ದೂರದ ಅಣೆಕಟ್ಟಿನ ಕೆಲಸದಲ್ಲಿದ್ದು ತಿಂಗಳಿಗೊಮ್ಮೆ ಬರುವವರು. ಹಾಗಾಗಿ ಈ ಮನೆಯನ್ನು ಆಳುತ್ತಿದ್ದದ್ದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ, ಅಕ್ಕನ ಕೈಬರಹದ ಚೀಟಿಗಳು. ಅಕ್ಕ ಯಾವ ಚೀಟಿ ಬರೆದರೂ ಅದು ರೋಗಿಯ ಮಂಚಕ್ಕೆ ನೇತುಹಾಕುವ ಹಾಳೆಯ ಹಾಗೇ ಇರುತ್ತಿತ್ತು. ಇವತ್ತಿನದ್ದು ಹೀಗಿತ್ತು: ಒಂದು, ಪುಸ್ತಕಗಳಿಗೆ ಕಾಗದ ಹೊದಿಸುವುದು. ಎರಡು, ಇಬ್ಬರದೂ ಉಗುರು. ಮೂರು, ಚಿಕ್ಕವನು ಡಬ್ಬಿಯ ಮುಚ್ಚಳ ತಾನೇ ತೆಗೆಯಬೇಕು. ನಾಲ್ಕು, ಹೊಸ ಶೂ ಹಾಕಿಸಿ ನಡೆಸಿ ನೋಡುವುದು. ಐದು, ಚಿಕ್ಕವನು ಶಾಲೆಗೆ ಹೋಗಲು ಒಪ್ಪಿರಬೇಕು. ಐದನೆಯದರ ಕೆಳಗೆ ಎರಡು ಗೆರೆ ಎಳೆದಿತ್ತು, ಒಪ್ಪುವುದೂ ಉಗುರು ಕತ್ತರಿಸಿಕೊಳ್ಳುವುದೂ ಒಂದೇ ಜಾತಿಯ ಕೆಲಸವೆಂಬಂತೆ.

ಬೆಳಿಗ್ಗೆ ಆರಕ್ಕೆ ಚಪ್ಪಲಿ ಮೆಟ್ಟುತ್ತ ಅಕ್ಕ ಇನ್ನೂ ಒಂದು ಮಾತು ಹೇಳಿದ್ದಳು. "ನೋಡು, ನಾಳೆ ಅವನು ಸ್ಕೂಲ್ ಗೇಟಲ್ಲಿ ಹಟ ಹಿಡಿದ್ರೆ ನಾನು ಬಯ್ಯಲ್ಲ, ಕೂಗಾಡಲ್ಲ. ನಾಡಿದ್ದರಿಂದ ಆಸ್ಪತ್ರೆಯ ಕೂಸಿನ ಮನೆಗೆ ಹಾಕ್ತೀನಿ. ಬೆಳಿಗ್ಗೆ ಐದಕ್ಕೆ ಎಬ್ಬಿಸ್ಕೊಂಡು ನನ್ನ ಜೊತೇನೇ ಕರ್ಕೊಂಡು ಹೋಗ್ತೀನಿ, ಅಷ್ಟೆ." ಆ 'ಅಷ್ಟೆ' ಎಂಬುದು ಸೂಜಿ ಚುಚ್ಚಿ ಹತ್ತಿ ಒತ್ತಿದ ಹಾಗಿತ್ತು. ಹಾಗಾದರೆ ನಾನು? ಎಂದು ಕೇಳಬೇಕೆನಿಸಿತ್ತು ಚಿಕ್ಕಿಗೆ. ಮಗುವೇ ಇಲ್ಲದ ಮನೆಯಲ್ಲಿ ಮಗು ನೋಡಿಕೊಳ್ಳುವವಳು ಯಾವ ಕುರ್ಚಿಯ ಮೇಲೆ ಕೂರಬೇಕು? ಕೇಳುವಷ್ಟರಲ್ಲಿ ಅಕ್ಕ ತಿರುವು ದಾಟಿಯಾಗಿತ್ತು. ಅಕ್ಕ ಯಾವತ್ತೂ ಹಾಗೆ, ಎಲ್ಲದರ ಕೊನೆಗೂ ಮೊದಲೇ ತಲುಪಿರುವವಳು.

ಚಿಕ್ಕವನನ್ನು ಬಟಾಣಿ ಎನ್ನುತ್ತಿದ್ದರು. ಐದು ತುಂಬಲು ಎರಡು ತಿಂಗಳಿತ್ತು. ಎರಡು ತಿಂಗಳ ರಜೆಯಲ್ಲಿ ಅವನು ಒಂದಿಂಚು ಬೆಳೆದಿದ್ದ, ಎರಡು ಹೊಸ ಬೈಗುಳ ಕಲಿತಿದ್ದ, ಮತ್ತು ಈಗ ಊಟದ ಮೇಜಿನ ಕೆಳಗೆ ಕಾಲು ಚಾಚಿ ಕೂತು ಹೊಸ ಶೂಗಳನ್ನು ಯಾರೋ ತಂದು ಒಪ್ಪಿಸಿದ ಅಪರಾಧಿಗಳ ಹಾಗೆ ನೋಡುತ್ತಿದ್ದ.

"ಬಾರೋ ಬಂಗಾರ, ಒಂದ್ಸಲ ಹಾಕ್ಕೊಂಡು ಬಾಗಿಲ ತನಕ ನಡಿ ಸಾಕು."

"ಕಾಲು ಬೇಡ ಅಂತಿದೆ."

"ಯಾವ ಕಾಲು?"

ಅವನು ಎರಡನ್ನೂ ವಿಚಾರಿಸಿಕೊಂಡು ಹೇಳಿದ. "ಎರಡೂ."

"ಶೂ ಹಾಕ್ಕೊಂಡ್ರೆ ಆ ಕತ್ತೆ ಕಥೆ ಹೇಳ್ತೀನಿ. ಅದೇ, ಸೇತುವೆ ಮೇಲೆ ನಿಂತ್ಕೊಂಡಿತ್ತಲ್ಲ, ಹಿಂದೆ ಜನವೋ ಜನ..."

ಮೇಷ್ಟ್ರು ಅಂಟಿನ ಡಬ್ಬಿ ಕೆಳಗಿಟ್ಟು ಎದ್ದಳು, ಪಂಚಾಯಿತಿಯಲ್ಲಿ ಹಿರಿಯರು ಏಳುವ ಹಾಗೆ. "ಚಿಕ್ಕಿ, ಇನ್ಮೇಲೆ ಅದು ನಡೆಯಲ್ಲ. ನಾವು ಮಾತಾಡ್ಕೊಂಡಿದೀವಿ" ಎಂದು ಹೇಳಿ, ಕೈ ಹಿಡಿದು ಮಕ್ಕಳ ಕೋಣೆಗೆ ಕರೆದೊಯ್ದು, ಬಟ್ಟೆಯ ಬೀರುವಿನ ಬಾಗಿಲನ್ನು ಅಗಲಕ್ಕೆ ತೆಗೆದಳು.

ಬಾಗಿಲ ಒಳಮೈಗೆ ಏಳು ಚಿತ್ರಗಳನ್ನು ಅಂಟಿಸಿತ್ತು. ಹಳೆಯ ಕ್ಯಾಲೆಂಡರಿನ ಹಾಳೆಗಳ ಬೆನ್ನಿಗೆ ಬಣ್ಣದ ಪೆನ್ಸಿಲ್ಲಿನಲ್ಲಿ ಬರೆದವು. ಮೊದಲನೆಯದರಲ್ಲಿ ಒಂದು ಬಾವಿ, ಹಗ್ಗ, ಹಗ್ಗದ ತುದಿಯಲ್ಲಿ ಕಿರೀಟವಿದ್ದ ಒಂದು ಆಲೂಗಡ್ಡೆ. ಅದು ರಾಜ. ಬಾವಿಗೆ ಬಿದ್ದ ಕಿರೀಟ ತರಲು ತಾನೇ ಇಳಿದವನು. ಮೇಲೆ ಹಗ್ಗ ಹಿಡಿದಿದ್ದ ಆಳಿಗೆ ಸೀನು ಬಂದದ್ದು ಮಕ್ಕಳ ತಲೆಸ್ನಾನದ ದಿನ, ಬಟಾಣಿಯ ಕಣ್ಣಿಗೆ ಸೋಪಿನ ನೀರು ಹೋಗುವ ಹೊತ್ತಿಗೆ ಸರಿಯಾಗಿ. ಎರಡನೆಯದು ಮರದ ಮೇಲಿನ ಹುಡುಗಿ, ಕೆಳಗೆ ಹುಲಿ. ಹೀರೇಕಾಯಿ ಪಲ್ಯದ ದಿನ. ಮೂರು, ಗಂಟೆ ನುಂಗಿದ ರಾಕ್ಷಸ, ಕೆಮ್ಮಿದರೆ ಢಣ್ ಎನ್ನುವವನು, ಹಲ್ಲುಜ್ಜಿಸಲು. ನಾಲ್ಕು, ಕಪ್ಪೆಯಾಗಿ ಹೋದ ಮಂತ್ರಿ, ಸಭೆಗೆ ಹೊತ್ತಾಗುತ್ತಿದೆ. ಐದು, ಪೆಟ್ಟಿಗೆಯಲ್ಲಿ ಅಡಗಿ ಕೂತ ಕಳ್ಳ. ಆ ಪೆಟ್ಟಿಗೆಯನ್ನು ಹೊತ್ತು ತಂದು ಇಳಿಸಿದ್ದು ಪೊಲೀಸಿನವನ ಮನೆಯಲ್ಲಿ. ಆರು, ನಡುಹೊಳೆಯಲ್ಲಿ ಮೊಸಳೆಯ ಬೆನ್ನೇರಿ ಕೂತ ದರ್ಜಿ. ಏಳು, ಸೇತುವೆಯ ಮಧ್ಯೆ ನಿಂತು ಮುಂದಕ್ಕೂ ಹೋಗದ ಹಿಂದಕ್ಕೂ ಬಾರದ ಕತ್ತೆ. ಎಲ್ಲರೂ ಬಾಯಿ ತೆರೆದುಕೊಂಡಿದ್ದರು. ಏಳೂ ಜನ ಇವಳನ್ನೇ ನೋಡುತ್ತಿದ್ದರು.

"ಇವರೆಲ್ಲಾ ಅರ್ಧಕ್ಕೆ ನಿಂತವರು" ಎಂದಳು ಮೇಷ್ಟ್ರು. "ನೀನು ಪ್ರತಿ ಸಲ ನಮ್ಮ ಕೈಲಿ ಕೆಲಸ ಮಾಡಿಸ್ಕೊಂಡು, 'ಉಳಿದದ್ದು ಆಮೇಲೆ' ಅಂತೀಯ. ಆಮೇಲೆ ಮರೆತುಬಿಡ್ತೀಯ. ಇವರನ್ನೆಲ್ಲಾ ಬಿಡಿಸೋ ತನಕ ಬಟಾಣಿ ಸ್ಕೂಲಿಗೆ ಹೋಗಲ್ವಂತೆ."

"ನೀನು?"

"ನಾನು ಹೋಗ್ತೀನಿ. ನನಗೆ ಹೊಸ ಕಂಪಾಸ್ ಪೆಟ್ಟಿಗೆ ಇದೆ. ಆದ್ರೆ ನಾನು ಅವನ ಕಡೆ."

ಬೀರುವಿನೊಳಗಿನಿಂದ ಒಗೆದ ಬಟ್ಟೆಯ ವಾಸನೆ ಬರುತ್ತಿತ್ತು. ಅಜ್ಜಿಯ ಪೆಟ್ಟಿಗೆಯಲ್ಲೂ ಇಂಥದೇ ವಾಸನೆ ಇತ್ತು, ಅಜ್ಜಿಯ ಮಡಿಲಲ್ಲೂ. ಚಿಕ್ಕಿಗೆ ಗೊತ್ತಿದ್ದ ಕಥೆಗಳೆಲ್ಲ ಆ ಮಡಿಲಿನಿಂದ ಬಂದವು. ಅಲ್ಲಿ ತಲೆಯಿಟ್ಟು ಮಲಗಿದರೆ ಮಾತು ಕಿವಿಯಿಂದಲ್ಲ, ಅಜ್ಜಿಯ ಹೊಟ್ಟೆಯ ಮೂಲಕ, ನೀರೊಳಗಿನ ಸದ್ದಿನ ಹಾಗೆ ಕೇಳುತ್ತಿತ್ತು. ರಾಜ ಬಾವಿಗಿಳಿದ, ಆಳು ಸೀನಿದ... ಅಷ್ಟೇ, ಬೆಳಗಾಗಿಬಿಡುತ್ತಿತ್ತು. ಅಜ್ಜಿ ಯಾವ ಕಥೆಯನ್ನೂ ಮುಗಿಸುತ್ತಿರಲಿಲ್ಲ. ಅದೇ ಅಜ್ಜಿಯ ದೊಡ್ಡಸ್ತಿಕೆ ಎಂದು ಇವಳು ಬಹಳ ದಿನದಿಂದ ನಂಬಿದ್ದಳು. ಮುಗಿಸುವುದೆಂದರೆ ಸಾಯಿಸುವುದು, ಅರ್ಧಕ್ಕೆ ಬಿಟ್ಟದ್ದೇ ಉಳಿಯುವುದು ಎಂದೆಲ್ಲ. ಕಾಲೇಜು ಬಿಟ್ಟಾಗ ಅಪ್ಪನ ಎದುರು ನಿಂತು ಈ ಮಾತನ್ನೇ ಹೇಳಿದ್ದಳು. ಅಪ್ಪ ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದ್ರೆ ಫೀಸೂ ಅರ್ಧ ಕಟ್ಟಬಹುದಿತ್ತಲ್ಲಮ್ಮಾ" ಎಂದಿದ್ದರು. ಒಂದೇ ತೋಳಿನ ಸ್ವೆಟರು ಇನ್ನೂ ಅವಳ ಚೀಲದಲ್ಲಿತ್ತು. ತೋಳು ಚೆನ್ನಾಗಿಯೇ ಬಂದಿತ್ತು.

ಆದರೆ ಈಗ ನಡುಹಗಲು, ಭಾನುವಾರ, ಅಕ್ಕ ಬರಲು ಐದು ಗಂಟೆ ಬಾಕಿ. ಎರಡು ಗೆರೆ ಎಳೆದ ಆ ಐದನೆಯ ಸಾಲು ಅಡುಗೆಮನೆಯಿಂದ ಇಲ್ಲಿಯವರೆಗೂ ಕಾಣುವ ಹಾಗಿತ್ತು. ಚಿಕ್ಕಿ ಸೆರಗು ಸಿಕ್ಕಿಸಿಕೊಂಡು ನೆಲದ ಮೇಲೆ ಕೂತಳು. "ಆಯ್ತು. ಬಾರೋ ಬಟಾಣಿ. ಏಳೂ ಜನರನ್ನ ಇವತ್ತೇ ಬಿಡಿಸಿಬಿಡ್ತೀನಿ."

ಅವನು ತೆವಳಿಕೊಂಡು ಬಂದು ಮೇಷ್ಟ್ರ ಬೆನ್ನಿಗೆ ಒರಗಿ ಕೂತ.

"ರಾಜ ಬಾವಿಯಲ್ಲಿ ನೇತಾಡ್ತಿದ್ನಾ, ಹಗ್ಗ ಇನ್ನೇನು ಜಾರಬೇಕು, ಅಷ್ಟರಲ್ಲಿ ಆಕಾಶದಿಂದ ಒಂದು ದೊಡ್ಡ ಹದ್ದು ಬಂತು. ರಾಜನ ಜುಟ್ಟು ಹಿಡ್ಕೊಂಡು ಮೇಲಕ್ಕೆತ್ತಿ ಅರಮನೆಗೆ ಬಿಡ್ತು."

ಇಬ್ಬರೂ ಯೋಚಿಸಿದರು. ಬಟಾಣಿ ತಲೆಯಾಡಿಸಿದ. ಮೇಷ್ಟ್ರು ಹಿಂಜರಿಯುತ್ತಲೇ ಮೊದಲ ಚಿತ್ರದ ಮೂಲೆಗೆ ಒಂದು ಸಣ್ಣ ಸರಿ ಗುರುತು ಹಾಕಿದಳು.

"ಮರದ ಮೇಲಿನ ಹುಡುಗಿ. ಹುಲಿ ಇನ್ನೇನು ನೆಗೀಬೇಕು, ಅಷ್ಟರಲ್ಲಿ... ಒಂದು ಹದ್ದು ಬಂತು."

"ಅದೇ ಹದ್ದಾ?"

"ಇದು ಬೇರೆ. ಅದರ ತಮ್ಮ."

"ಸರಿ, ರಾಕ್ಷಸಂದು?"

ಚಿಕ್ಕಿ ಬಾಯಿ ತೆರೆದಳು. ತೆರೆದ ಬಾಯಿಯಲ್ಲಿ ಹದ್ದು ಬಿಟ್ಟರೆ ಬೇರೇನೂ ಇರಲಿಲ್ಲ. "ಹದ್ದು... ಅವನ ಗಂಟಲೊಳಗೆ ಕೊಕ್ಕು ಹಾಕಿ..."

"ಹದ್ದಿಗೆ ಮಾಡೋಕೆ ಬೇರೆ ಕೆಲಸ ಇಲ್ವಾ?" ಎಂದಳು ಮೇಷ್ಟ್ರು, ಸರಿ ಗುರುತನ್ನು ರಬ್ಬರಿನಿಂದ ಅಳಿಸುತ್ತ. "ಪೆಟ್ಟಿಗೆ ಒಳಗಿರೋ ಕಳ್ಳನ್ನ ಹೇಗೆ ಹಿಡ್ಕೊಳ್ಳುತ್ತೆ? ಪೆಟ್ಟಿಗೆಗೆ ಬೀಗ ಹಾಕಿದೆ ಅಂತ ನೀನೇ ಹೇಳಿದ್ದು. ನೀನು ಸುಮ್ನೆ ಮುಗಿಸ್ತಿದೀಯ ಚಿಕ್ಕಿ. ನಿಜವಾಗ್ಲೂ ಏನಾಯ್ತು ಹೇಳು."

ನಿಜವಾಗಲೂ. ಆ ಪದ ಕೋಣೆಯ ನಡುವೆ ಬಂದು ನಿಂತಿತು. ಚಿಕ್ಕಿಗೆ ಕಿವಿ ಬಿಸಿಯಾಯಿತು, ಪರೀಕ್ಷೆಯ ಕೊಠಡಿಯಲ್ಲಿ ಪ್ರಶ್ನೆಪತ್ರಿಕೆಯ ಹಿಂಬದಿಯಲ್ಲೂ ಪ್ರಶ್ನೆಗಳಿವೆ ಎಂದು ಗಂಟೆ ಹೊಡೆದ ಮೇಲೆ ಕಂಡಾಗ ಆಗಿದ್ದ ಹಾಗೆ. ಅವಳು ಕತ್ತರಿಸಿದ್ದ ಉಗುರಿನ ಚೂರೊಂದನ್ನು ನೆಲದಿಂದ ಆಯ್ದು ಅಂಗೈಯಲ್ಲಿಟ್ಟುಕೊಂಡು ಹೇಳಿದಳು: "ನನಗೆ ಗೊತ್ತಿಲ್ಲ ಕಣ್ರೋ. ಅಜ್ಜಿ ನನಗೂ ಅರ್ಧವೇ ಹೇಳಿದ್ದು."

ಮೇಷ್ಟ್ರಿಗೆ ಇದು ಆಘಾತ. ದೊಡ್ಡವರಿಗೆ ತಿಳಿಯದ್ದು ಇರಬಹುದು, ಆದರೆ ತಿಳಿಯದ್ದನ್ನು ಎರಡು ತಿಂಗಳು ತಿಳಿದವರ ಹಾಗೆ ಹೇಳಬಹುದೆಂದು ಅವಳಿಗೆ ಹೊಳೆದಿರಲಿಲ್ಲ. "ಅಂದ್ರೆ ಸುಳ್ಳು ಸುಳ್ಳೇ ಹಲ್ಲುಜ್ಜಿಸಿದ್ಯಾ?" ಎಂದಳು. ಬಟಾಣಿ ಎದ್ದು, ಬಾವಿಯ ಚಿತ್ರದ ಹತ್ತಿರ ಹೋಗಿ, ಆಲೂಗಡ್ಡೆ ರಾಜನ ಮೇಲೆ ಬೆರಳಿಟ್ಟು, ಬೆನ್ನು ತಿರುಗಿಸಿಯೇ ಕೇಳಿದ. "ಇವನು ಇನ್ನೂ ಇಲ್ಲೇ ಇದಾನಾ?"

"ಇದಾನೆ ಅನ್ಸುತ್ತೆ."

"ಅವತ್ತು ನೀನು ನನ್ನನ್ನೂ ಹಿಂಗೇ ಬಿಟ್ಟಿದ್ದೆ."

ಅಷ್ಟೇ ಹೇಳಿದ್ದು. ಅಳಲಿಲ್ಲ, ಮುನಿಸಿಕೊಳ್ಳಲೂ ಇಲ್ಲ, ಬಣ್ಣ ಯಾವುದೆಂದು ಹೇಳುವವನ ಹಾಗೆ ಹೇಳಿ ಮತ್ತೆ ಮೇಜಿನ ಕೆಳಕ್ಕೆ ಹೋದ. ಅವತ್ತು ಎಂದರೆ ಯಾವತ್ತು ಎಂದು ಕೇಳುವ ಹಾಗಿರಲಿಲ್ಲ. ರಜೆ ಶುರುವಾಗುವುದಕ್ಕೆ ಒಂದು ವಾರ ಮುಂಚೆ. ಶಿಶು ತರಗತಿ ಬಿಡುವುದು ಹನ್ನೆರಡೂವರೆಗೆ. ಇವಳು ಹೊರಟದ್ದೂ ಸರಿಯಾದ ಹೊತ್ತಿಗೇ. ದಾರಿಯ ಉದ್ಯಾನದಲ್ಲಿ ಒಂದು ಬೆಂಚಿತ್ತು, ಬೆಂಚಿನ ಮುಂದೆ ಒಂದು ಮರ, ಮರದ ಮೇಲೆ, ಅಜ್ಜಿ ಹೇಳಿದ್ದ ಆ ಹುಡುಗಿ ಇದ್ದರೆ ಯಾವ ಕೊಂಬೆಯ ಮೇಲೆ ಕೂತಿರುತ್ತಿದ್ದಳು ಎಂದು ನೋಡಲು ಕೂತಳು. ಎರಡು ನಿಮಿಷ. ಶಾಲೆ ತಲುಪಿದಾಗ ಒಂದೂ ಮುಕ್ಕಾಲು. ಅಂಗಳ ಗುಡಿಸಿಯಾಗಿತ್ತು. ಮೆಟ್ಟಿಲ ಮೇಲೆ ಆಯಾ ಒಂದು ತುದಿಗೆ, ಬಟಾಣಿ ಒಂದು ತುದಿಗೆ. ಅವನು ಚೀಲವನ್ನು ಬೆನ್ನಿನಿಂದ ಇಳಿಸಿಯೇ ಇರಲಿಲ್ಲ. "ಬಂದ್ಯಾ" ಎಂದಿದ್ದ. ದಾರಿಯುದ್ದಕ್ಕೂ ಅವಳು ಕ್ಷಮೆ ಕೇಳಿದಳು, ಬಿಸ್ಕತ್ತು ಕೊಡಿಸಿದಳು, ಅಮ್ಮನಿಗೆ ಹೇಳಬೇಡ ಎಂದಳು. ಕೊನೆಯದೊಂದನ್ನು ಹೇಳಬಾರದಿತ್ತು. ಅವನು ಹೇಳಲಿಲ್ಲ. ಬಿಸ್ಕತ್ತನ್ನೂ ತಿನ್ನಲಿಲ್ಲ, ಮನೆಗೆ ತಂದು ದಿಂಬಿನ ಕೆಳಗಿಟ್ಟ, ಇರುವೆ ಬಂದವು. ಇರುವೆ ಏಕೆ ಬಂದವೆಂದು ಅಕ್ಕ ಕೇಳಿದಾಗ ಇವಳು ಹವಾಮಾನದ ಮೇಲೆ ಹಾಕಿದ್ದಳು.

ಅಕ್ಕ ಐದೂವರೆಗೆ ಬಂದಳು. ಬಂದವಳೇ ಮೊಣಕೈಯವರೆಗೆ ಸೋಪು ಹಚ್ಚಿ ತೊಳೆದುಕೊಂಡು, ಒಂದು ಬಕೆಟ್ಟು ಬಿಸಿನೀರಿಗೆ ಎರಡೂ ಪಾದ ಇಳಿಸಿ ಕುರ್ಚಿಯಲ್ಲಿ ಕೂತು, ಚೀಟಿಯನ್ನು ತರಿಸಿಕೊಂಡು ಓದಿದಳು. ಒಂದು, ಎರಡು, ಮೂರು ಆಗಿತ್ತು. ನಾಲ್ಕಕ್ಕೆ ಚಿಕ್ಕಿ ಆಗಿದೆ ಆಗಿಲ್ಲ ಎರಡೂ ಆಗಬಹುದಾದ ಒಂದು ಗುರುತು ಹಾಕಿದ್ದಳು.

"ಐದನೇದು?"

ಮೇಜಿನ ಕೆಳಗಿನಿಂದ ಉತ್ತರ ಬಂತು. "ನಾನು ಒಪ್ಪಿಲ್ಲ."

"ಯಾಕಪ್ಪಾ?"

"ರಾಜ ಬಾವಿಯಲ್ಲಿದಾನೆ."

ಇನ್ನು ಮುಗಿಯಿತು ಎಂದುಕೊಂಡಳು ಚಿಕ್ಕಿ. ಈಗ ಎಲ್ಲವೂ ಹೊರಬರುತ್ತದೆ, ಕೂಸಿನ ಮನೆ, ಬೆಳಗಿನ ಐದು ಗಂಟೆ, ನಿದ್ದೆಗಣ್ಣಿನ ಮಗು ಬಸ್ಸಿನ ಕಿಟಕಿಗೆ ಹಣೆ ಹಚ್ಚಿಕೊಂಡು. ಅಕ್ಕ ಮಾತ್ರ ಬಕೆಟ್ಟಿನಲ್ಲಿ ಕಾಲಿನ ಬೆರಳುಗಳನ್ನು ಒಮ್ಮೆ ಮಡಿಸಿ ಬಿಡಿಸಿ ಕೇಳಿದಳು. "ಯಾವ ರಾಜ? ಆಳು ಸೀನಿದ್ನಲ್ಲ, ಆ ರಾಜನಾ? ಅವನು ಬಾವಿಯಲ್ಲಿ ಎಲ್ಲಿದಾನೆ? ಬಾವಿಯಲ್ಲಿ ನೀರೇ ಇರ್ಲಿಲ್ಲ, ಮೊಣಕಾಲುದ್ದ ಕೆಸರು. ದೊಪ್ಪ ಅಂತ ಬಿದ್ದ, ಕೆಸರಲ್ಲೇ ಕಿರೀಟ ಸಿಕ್ತು, ಏಣಿ ಹಾಕಿ ಹತ್ತಿಸಿದ್ರು. ಎರಡು ದಿನ ಯಾರೂ ಹತ್ರ ಸೇರಿಸ್ಲಿಲ್ಲ, ವಾಸನೆ."

ಬಟಾಣಿಯ ತಲೆ ಹೊರಬಂತು. ಮೇಷ್ಟ್ರು ಬಾಗಿಲಿಗೆ ಬಂದು ನಿಂತಳು. ಚಿಕ್ಕಿ ಗೋಡೆ ಹಿಡಿದುಕೊಂಡಳು.

"ಮರದ ಮೇಲಿನ ಹುಡುಗಿ?" ಎಂದಳು ಮೇಷ್ಟ್ರು, ಪರೀಕ್ಷೆ ಮಾಡುವವಳ ಹಾಗೆ.

"ಹುಲಿಗೆ ನಿದ್ದೆ ಬಂತು. ಇಳಿದು ಹೋದ್ಲು."

"ಅಷ್ಟೇನಾ?"

"ಮೂರು ದಿನ ನಿದ್ದೆಗೆಟ್ಟು ಕಾವಲು ಕೂತ್ರೆ ಹುಲಿಯಾದ್ರೇನು ನರ್ಸಾದ್ರೇನು."

"ರಾಕ್ಷಸ?"

"ಗಂಟೆ ನುಂಗಿದವನಾ? ನಾಲ್ಕನೇ ದಿನ ಹೊರಗೆ ಬಂತು. ಹೇಗೆ ಬಂತು ಅಂತ ಕೇಳ್ಬೇಡಿ."

"ಹೇಗೆ ಬಂತು?" ಎಂದು ಇಬ್ಬರೂ ಕೇಳಿದರು.

"ಢಣ್ ಅಂತ ಬಂತು."

ಬಟಾಣಿ ನೆಲಕ್ಕೆ ಬಿದ್ದು ನಕ್ಕ, ಕಾಲು ಬಡಿದು ನಕ್ಕ, ಬಕೆಟ್ಟಿನ ನೀರು ತುಳುಕಿತು. ಅಕ್ಕ ಒಂದಾದ ಮೇಲೊಂದು ಹೇಳುತ್ತ ಹೋದಳು, ಬೆಳಿಗ್ಗೆ ಪಾಳಿ ಬದಲಾಗುವಾಗ ಯಾವ ಮಂಚದಲ್ಲಿ ಯಾರು ಹೇಗಿದ್ದಾರೆಂದು ಒಪ್ಪಿಸುವ ದನಿಯಲ್ಲಿ. ಕಳ್ಳನನ್ನು ಪೊಲೀಸಿನವನ ಹೆಂಡತಿಯೇ ಪೆಟ್ಟಿಗೆಯಿಂದ ಎಬ್ಬಿಸಿ, ಬೆವರಿದ್ದಾನೆಂದು ನೀರು ಕೊಟ್ಟು, ಹಿತ್ತಿಲ ಕಟ್ಟಿಗೆ ಒಡೆಸಿಕೊಂಡು ಕಳಿಸಿದಳು. ದರ್ಜಿ ಮೊಸಳೆಗೆ ಅಂಗಿ ಹೊಲಿಯಲು ಅಳತೆ ತೆಗೆಯುವ ನೆವದಲ್ಲಿ ಬಾಲದಿಂದ ಮೂತಿಗೆ ನಡೆದು, ಮೂತಿಯಿಂದ ದಡಕ್ಕೆ ಹಾರಿದ. ಮಂತ್ರಿ? ಮಂತ್ರಿ ಕಪ್ಪೆಯಾಗಿಯೇ ಉಳಿದ. "ಕೆಲವು ವಾಸಿಯಾಗಲ್ಲ" ಎಂದಳು ಅಕ್ಕ. "ಆದ್ರೆ ಸಭೆಗೆ ಹೋಗ್ತಿದ್ದ. ಯಾರಿಗೂ ಗೊತ್ತಾಗ್ಲಿಲ್ಲ."

"ನಿನಗೆ..." ಎಂದಳು ಚಿಕ್ಕಿ. "ನಿನಗೆ ಇದೆಲ್ಲಾ ಹೇಗೆ ಗೊತ್ತು? ಅಜ್ಜಿ ಯಾವುದನ್ನೂ ಮುಗಿಸ್ತಿರ್ಲಿಲ್ವಲ್ಲ!"

ಅಕ್ಕ ಅವಳನ್ನು ತುಂಬ ಹೊತ್ತು, ಜ್ವರ ಎಷ್ಟಿದೆ ಎಂದು ನೋಡುವ ಹಾಗೆ ನೋಡಿದಳು. "ಅಯ್ಯೋ ಪೆದ್ದೇ. ಅಜ್ಜಿ ದಿನಾ ಮುಗಿಸ್ತಿದ್ಲು. ನೀನು ಅರ್ಧಕ್ಕೇ ಗೊರಕೆ ಹೊಡೀತಿದ್ದೆ."

ಹೊರಗೆ ಯಾರೋ ಸ್ಕೂಟರು ಶುರು ಮಾಡಲು ಒದೆಯುತ್ತಿದ್ದರು, ಒದ್ದರೂ ಅದು ಶುರುವಾಗುತ್ತಿರಲಿಲ್ಲ. ಚಿಕ್ಕಿ ಆ ಸದ್ದನ್ನು ಕೇಳುತ್ತ ನಿಂತಳು. ಇಷ್ಟು ವರ್ಷ ಅಜ್ಜಿಯ ಹೆಸರಿನಲ್ಲಿ ಬಿಟ್ಟುಬಂದ ಕಾಲೇಜು, ಟೈಪಿಂಗು, ಹೂವಿನಂಗಡಿ, ಎಲ್ಲವೂ ಸಾಲಾಗಿ ಕಣ್ಣೆದುರು ಹಾದವು. ಒಂದು ದೊಡ್ಡ ತತ್ವವೆಂದುಕೊಂಡಿದ್ದದ್ದು ಬರೀ ನಿದ್ದೆಯಾಗಿತ್ತು. ನಗು ಬರಬೇಕಿತ್ತು. ಬಂದದ್ದು ಬೇರೆ. "ಅಕ್ಕಾ" ಎಂದಳು, "ರಜೆಗೆ ಮುಂಚೆ ಒಂದಿನ ನಾನು ಅವನನ್ನ ಕರ್ಕೊಂಡು ಬರೋಕೆ ಹೋಗೋದು ತಡವಾಯ್ತು. ತುಂಬಾ. ಒಂದೂ ಮುಕ್ಕಾಲು. ನಿನಗೆ ಹೇಳ್ಬೇಡ ಅಂತ ಅವನಿಗೆ ನಾನೇ ಹೇಳಿದ್ದೆ."

"ಗೊತ್ತು."

"ಅವನು ಹೇಳಿದ್ನಾ?"

"ನನ್ ಮಗ ಹೇಳ್ತಾನಾ? ಆಯಾ ಅವತ್ತೇ ಒಂದು ಗಂಟೆಗೆ ಫೋನ್ ಮಾಡಿದ್ಲು. ವಾರ್ಡ್ ಬಿಟ್ಟು ಬರೋ ಹಾಗಿರ್ಲಿಲ್ಲ. ಕೂತಿರು ತಾಯಿ ಅವನ ಜೊತೆ ಅಂದೆ." ಅಕ್ಕ ಪಾದಗಳನ್ನು ನೀರಿನಿಂದೆತ್ತಿ ಟವೆಲಿನ ಮೇಲಿಟ್ಟಳು. "ನೀನೇ ಹೇಳ್ತೀಯ ಅಂತ ಎರಡು ತಿಂಗಳು ಕಾದೆ. ಇರುವೆ ಬಂದಾಗ ಹೇಳ್ತೀಯ ಅಂದ್ಕೊಂಡೆ. ನೀನು ಹವಾಮಾನ ಅಂದೆ."

ಚಿಕ್ಕಿಗೆ ನೆಲದಲ್ಲಿ ಸಣ್ಣ ಬಿಲವಿದ್ದರೂ ಸಾಕಿತ್ತು. "ನಾಳೆ ಹನ್ನೆರಡೂವರೆಗೆ ಇರ್ತೀನಿ" ಎಂದಳು. "ಅದನ್ನ ನನಗಲ್ಲ, ಅವನಿಗೆ ಹೇಳು" ಎಂದಳು ಅಕ್ಕ.

ಅವನ ಪ್ರಶ್ನೆ ಬೇರೆಯೇ ಇತ್ತು. ಎಂಟು ಗಂಟೆಗೆ ದೀಪ ಸಣ್ಣದು ಮಾಡಿ ಇಬ್ಬರನ್ನೂ ಮಲಗಿಸಿದಾಗ ಅವನು ಕೇಳಿದ. "ಕತ್ತೆದು ಅಮ್ಮ ಹೇಳ್ಲೇ ಇಲ್ಲ." ನಿಜ, ಕತ್ತೆಯ ವಿಷಯ ಬಂದಾಗ ಅಕ್ಕ, "ಸೇತುವೆ ಮೇಲೆ ಕತ್ತೆನಾ? ಅದು ಅಜ್ಜಿದಲ್ಲ" ಎಂದುಬಿಟ್ಟಿದ್ದಳು. ಅದು ಚಿಕ್ಕಿಯದೇ. ಒಂದು ಸೋಮವಾರ ಅವನಿಗೆ ಜ್ವರದ ಔಷಧಿ ಕುಡಿಸಲು ಏನೂ ತೋಚದೆ ಹುಟ್ಟಿಸಿದ್ದು. ಈ ಲೋಕದಲ್ಲಿ ಅದರ ಕೊನೆ ಬೇರೆ ಯಾರಿಗೂ ಗೊತ್ತಿರಲು ಸಾಧ್ಯವಿಲ್ಲ ಎಂದು ಅವಳಿಗೆ ಹೊಳೆಯಿತು. ಮಂಚದ ಅಂಚಿಗೆ ಕೂತಳು. ಕತ್ತೆ ಯಾಕೆ ನಿಂತಿತು? ಸೇತುವೆ ಅಲ್ಲಾಡುತ್ತಿತ್ತು. ಯಾಕೆ ಅಲ್ಲಾಡುತ್ತಿತ್ತು? ಹಿಂದಿದ್ದವರೆಲ್ಲ ನೂಕುತ್ತಿದ್ದರು, ತಳ್ಳುತ್ತಿದ್ದರು, ಬೆಲ್ಲ ತೋರಿಸುತ್ತಿದ್ದರು, ಸುಳ್ಳು ಹೇಳುತ್ತಿದ್ದರು. ಅವರು ಕುಣಿದಷ್ಟೂ ಸೇತುವೆ ಅಲ್ಲಾಡುತ್ತಿತ್ತು, ಅಲ್ಲಾಡಿದಷ್ಟೂ ಕತ್ತೆ ನಿಲ್ಲುತ್ತಿತ್ತು. ಎಳೆಯುತ್ತಿದ್ದ ಒಬ್ಬಳು ಸಾಕಾಗಿ ಹಗ್ಗ ಬಿಟ್ಟು ಅದರ ಪಕ್ಕದಲ್ಲಿ ಕೂತುಬಿಟ್ಟಳು. ಉಳಿದವರೂ ಒಬ್ಬೊಬ್ಬರಾಗಿ ಕೂತರು. ಸೇತುವೆ ನಿಂತಿತು. ಚಿಕ್ಕಿ ತಗ್ಗಿ ನೋಡಿದಳು. ಬಟಾಣಿಯ ಬಾಯಿ ತೆರೆದಿತ್ತು, ಉಸಿರು ಉದ್ದವಾಗಿತ್ತು. ಮೇಷ್ಟ್ರು ಆಗಲೇ ಗೋಡೆಯ ಕಡೆ ತಿರುಗಿದ್ದಳು. ಎದ್ದು ಹೋಗಬಹುದಿತ್ತು. ಅವಳು ಹೋಗಲಿಲ್ಲ. ಮಲಗಿದ ಎರಡು ತಲೆಗಳಿಗೆ, ಅದೇ ದನಿಯಲ್ಲಿ, ಕತ್ತೆ ಒಂದು ಕಾಲೆತ್ತಿ ಹಲಗೆಯನ್ನು ಮುಟ್ಟಿ ನೋಡಿದ್ದನ್ನೂ, ಎರಡನೆಯ ಕಾಲನ್ನೂ, ಅದು ಸೇತುವೆ ದಾಟಿ ಆಚೆ ದಡದಲ್ಲಿ ಹುಲ್ಲಿಗೆ ಬಾಯಿ ಹಾಕಿದ್ದನ್ನೂ ಪೂರ್ತಿ ಹೇಳಿ ಮುಗಿಸಿದಳು. ಹೇಳುತ್ತಿದ್ದಾಗ ತನ್ನ ದನಿ ತನ್ನ ಹೊಟ್ಟೆಯಲ್ಲಿ ಗುಯ್ಗುಟ್ಟುವುದು ಅವಳಿಗೇ ಕೇಳಿಸಿತು.

ಬೆಳಿಗ್ಗೆ ಶೂ ಹಾಕಿಕೊಳ್ಳಲು ಅವನು ಗಲಾಟೆ ಮಾಡಲಿಲ್ಲ. ಬಲಗಾಲಿನದನ್ನು ಎಡಗಾಲಿಗೆ ಹಾಕಿಕೊಂಡು ಕಾಲು ಭಾಗ ದಾರಿ ನಡೆದ ಮೇಲೆ ಮೇಷ್ಟ್ರು ಕಂಡುಹಿಡಿದಳು. ಶಾಲೆಯ ಗೇಟಿನಲ್ಲಿ ಅಮ್ಮಂದಿರು, ಅಪ್ಪಂದಿರು, ಅಳುವವರು, ಅಳುವವರನ್ನು ನೋಡಿ ಅಳಲು ಶುರು ಮಾಡುವವರು. ಮೇಷ್ಟ್ರು ಕಂಪಾಸ್ ಪೆಟ್ಟಿಗೆ ಗಲಗಲಿಸುತ್ತ ಒಳಗೆ ಮಾಯವಾದಳು. ಬಟಾಣಿ ನಿಂತ. ಚಿಕ್ಕಿ ಅವನೆದುರು ಮಂಡಿಯೂರಿದಳು. ಬಾಯಿಗೆ ಬಂದ ಬಿಸ್ಕತ್ತು, ಉದ್ಯಾನ, ಹೊಸ ಕಥೆ ಎಲ್ಲವನ್ನೂ ನುಂಗಿಕೊಂಡಳು.

"ಹನ್ನೆರಡೂವರೆ" ಎಂದಳು.

ಅವನು ಅವಳ ಮುಖವನ್ನು ಒಂದು ಕಡೆಯಿಂದ, ಆಮೇಲೆ ಇನ್ನೊಂದು ಕಡೆಯಿಂದ ನೋಡಿದ. "ಸರಿ, ನೋಡೋಣ" ಎಂದು ದೊಡ್ಡವರ ಹಾಗೆ ಹೇಳಿ ಒಳಗೆ ಹೋದ.

ಮನೆಗೆ ಹೋಗುವ ಧೈರ್ಯ ಅವಳಿಗಾಗಲಿಲ್ಲ. ಮನೆಯಲ್ಲಿ ಕಿಟಕಿಗಳಿದ್ದವು, ದಾರಿಯಲ್ಲಿ ಮರಗಳಿದ್ದವು. ಎಲ್ಲಿ ಕೂತರೆ ಎಲ್ಲಿಗೆ ಹೋಗಿಬಿಡುತ್ತೇನೋ ಎಂದು ಅವಳಿಗೆ ಅವಳದೇ ಭಯ. ಗೇಟಿನ ಎದುರಿಗೆ ರಸ್ತೆಯಾಚೆ ಸೈಕಲ್ ರಿಪೇರಿಯ ಅಂಗಡಿಯೊಂದಿತ್ತು. ಅಲ್ಲಿ ಹೋಗಿ ನಿಂತಳು. ಮೂತಿಗೆ ಗ್ರೀಸು ಮೆತ್ತಿಕೊಂಡಿದ್ದ ಮುದುಕ ರಿಪೇರಿಯವನು ಚಕ್ರ ತಿರುಗಿಸುತ್ತ ಕೇಳಿದ. "ಏನಮ್ಮಾ, ಪಂಚರ್ರಾ?"

"ಇಲ್ಲ. ಹನ್ನೆರಡೂವರೆಗೆ ಮಗು ಬಿಡ್ತಾರೆ."

ಅವನು ಗೋಡೆಯ ಗಡಿಯಾರ ನೋಡಿದ. "ಈಗ ಒಂಬತ್ತಕ್ಕೆ ಐದು ನಿಮಿಷ."

"ಗೊತ್ತು. ಇಲ್ಲೇ ನಿಂತ್ಕೋಬಹುದಾ? ಇನ್ನೊಂದು ಮಾತು. ನಾನು ಸುಮ್ನೆ ಎಲ್ಲೋ ನೋಡ್ತಾ ಇದ್ದುಬಿಟ್ರೆ ಒಂಚೂರು ಎಬ್ಬಿಸ್ತೀರಾ?"

ಮುದುಕ ಅವಳನ್ನು ನೋಡಿದ, ಶಾಲೆಯನ್ನು ನೋಡಿದ, ಇಂಥವರೂ ಇರುತ್ತಾರೆ ಎಂದು ಒಪ್ಪಿಕೊಂಡವನ ಹಾಗೆ ಒಂದು ಡಬ್ಬ ಬೋರಲು ಹಾಕಿ ಕೂರಲು ಕೊಟ್ಟ. ಆಮೇಲಿನ ಮೂರೂವರೆ ಗಂಟೆ ಅವಳ ಬದುಕಿನಲ್ಲೇ ಅತಿ ಉದ್ದದ್ದು. ಒಂಬತ್ತೂವರೆಗೆ ಚಕ್ರದ ಕಡ್ಡಿಗಳು ತಿರುಗುತ್ತ ತಿರುಗುತ್ತ ಬೆಳ್ಳಿಯ ಕೊಳವಾಗತೊಡಗಿದಾಗ ಮುದುಕನ ಸ್ಪ್ಯಾನರು ಟಣ್ ಎಂದಿತು. ಹತ್ತಕ್ಕೆ ಎದುರಿನ ಗೋಡೆಯ ಬಿರುಕು ನದಿಯೆಂದು ಹೊಳೆಯುವಷ್ಟರಲ್ಲಿ ಟಣ್. ಹತ್ತೂವರೆಯಿಂದ ಹನ್ನೊಂದರವರೆಗೆ ಟಣ್, ಟಣ್, ಟಣ್. "ಏನಮ್ಮಾ ನಿನ್ನ ಕಥೆ, ನನ್ನ ಕೈಯೇ ನೋವು ಬಂತು" ಎಂದ ಮುದುಕ. ಸೈಕಲ್ಲಿಗೆ ಗಾಳಿ ಹಾಕಿಸಲು ಬಂದವರು ಯಾರು ಈಕೆ ಎಂದು ಕೇಳಿದರೆ, "ಕಾಯೋಳು" ಎನ್ನುತ್ತಿದ್ದ. ಕೊನೆಕೊನೆಗೆ ಅವಳು ಎದ್ದು ನಿಂತು ಒಂಟಿ ಕಾಲಿನ ಮೇಲೆ ಕಾದಳು, ಬೇಸರವಾದಾಗ ಕಾಲು ಬದಲಿಸಿದಳು. ಹನ್ನೆರಡೂ ಇಪ್ಪತ್ತಕ್ಕೆ ಗೇಟಿನ ಕಂಬಿ ಹಿಡಿದು ನಿಂತವರಲ್ಲಿ ಅವಳೇ ಮೊದಲಿನವಳು. ಅವನು ಓಡಿ ಬರುತ್ತಾನೆ, ಎತ್ತಿಕೊಳ್ಳಬೇಕು, ಏನೂ ಹೇಳಬಾರದು, ಅತ್ತರೆ ಬೇರೆ ತಾಯಂದಿರು ನೋಡುತ್ತಾರೆ, ಅಳಬಾರದು.

ಗಂಟೆ ಹೊಡೆಯಿತು. ಶಿಶು ತರಗತಿಯ ಬಾಗಿಲು ತೆರೆದು, ಸಣ್ಣ ಸಣ್ಣ ಜನ ಹೊರಗೆ ಚೆಲ್ಲಿದರು. ಬಟಾಣಿ ಓಡಿ ಬಂದ. ಗೇಟಿನ ಕಡೆಗಲ್ಲ, ಅಂಗಳದ ಮೂಲೆಯ ಜಾರುಬಂಡೆಯ ಕಡೆಗೆ. ಅಲ್ಲಿ ಸಾಲಿತ್ತು. ಸಾಲಿನಲ್ಲಿ ಐದನೆಯವನಾಗಿ ನಿಂತು, ಮುಂದಿನವನ ಅಂಗಿ ಹಿಡಿದುಕೊಂಡು, ಆಮೇಲೆ ಯಾಕೋ ತಿರುಗಿ ಅವಳನ್ನು ಕಂಡ. ಅವನ ಮುಖ ಸಪ್ಪಗಾಯಿತು.

"ಅಯ್ಯೋ, ಚಿಕ್ಕೀ!" ಎಂದು ಅಂಗಳದ ಆ ತುದಿಯಿಂದ ಎಲ್ಲರಿಗೂ ಕೇಳುವ ಹಾಗೆ ಕೂಗಿದ. "ಯಾಕಿಷ್ಟು ಬೇಗ ಬಂದೆ?"

"ಹನ್ನೆರಡೂವರೆ ಅಂದಿದ್ನಲ್ಲೋ!"

"ನನ್ ಸರದಿ ಇನ್ನೂ ಬಂದಿಲ್ಲ! ನೀನು ಹೋಗಿ ಆಮೇಲೆ ಬಾ!"

ಪಕ್ಕದ ಹೆಂಗಸು ನಕ್ಕಳು. ಚಿಕ್ಕಿ ನಗಲು ಬಾಯಿ ತೆರೆದವಳು, ಮೂಗಿನಲ್ಲಿ ನೀರು ಇಳಿಯುತ್ತಿದ್ದದ್ದನ್ನು ಸೆರಗಿನಿಂದ ಒರೆಸಿಕೊಂಡಳು. ಹೋಗಿ ಆಮೇಲೆ ಬಾ, ಎಂದಿದ್ದಾನೆ. "ನಾನಿಲ್ಲೇ ಇರ್ತೀನಿ" ಎಂದು ಕೂಗಿದಳು, "ನೀನು ಆಡ್ಕೋ." ಅಷ್ಟರಲ್ಲಿ ಮುಂದಿನವನು ಹತ್ತಿದ್ದ, ಸಾಲು ಒಂದು ಹೆಜ್ಜೆ ಸರಿದಿತ್ತು. ಒಬ್ಬೊಬ್ಬರಾಗಿ ಮಕ್ಕಳ ಕೈಹಿಡಿದು ಜನ ಹೊರಟರು, ಗೇಟಿನ ಕಂಬಿಗಳ ಮೊಟಕು ನೆರಳು ಅವಳ ಪಾದದ ಮೇಲೆ ಬಿದ್ದಿತ್ತು. ಬಟಾಣಿ ಮೆಟ್ಟಿಲ ತುದಿಗೆ ಹತ್ತಿ, ಎರಡೂ ಕೈಯೆತ್ತಿ, ಅವಳಿದ್ದಾಳೋ ಇಲ್ಲವೋ ಎಂದು ನೋಡದೆ ಜಾರಿದ. ಜಾರಿ, ಧೂಳು ಕೊಡವಿಕೊಂಡು, ಮತ್ತೆ ಸಾಲಿನ ಕೊನೆಗೆ ಓಡಿದ.